ಲೂಕ 15: ಅಣ್ಣನನ್ನು ಅಂಗಳದಲ್ಲೇ ಬಿಟ್ಟುಬರದ ಪ್ರಸಂಗ

ಬೈಬಲಿನ ಲೂಕನ ಸುವಾರ್ತೆ 15ರಲ್ಲಿ ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯ (ದೃಷ್ಟಾಂತಕಥೆ) ಸಭೆಗೆ ಬಾಯಿಪಾಠ: ತನ್ನ ಪಾಲು ತೆಗೆದುಕೊಂಡು ಹೋಗಿ ಹಾಳುಮಾಡಿದ ತಮ್ಮ ಮರಳಿ ಬರುತ್ತಾನೆ, ತಂದೆ ಹಬ್ಬ ಮಾಡುತ್ತಾನೆ, ಅಣ್ಣ ಸಿಟ್ಟಿನಿಂದ ಒಳಗೆ ಬರಲೊಲ್ಲ. ಅದಕ್ಕೇ ಇದರ ಮೇಲೆ ಪ್ರಸಂಗ ಮಾಡುವುದು ಕಷ್ಟ. ಹೆಚ್ಚಿನ ಪ್ರಸಂಗಗಳು 24ನೇ ವಚನದ ಹಬ್ಬದೂಟಕ್ಕೆ ಮುಗಿಯುತ್ತವೆ. ಹೊಲದಿಂದ ಬಂದ ಅಣ್ಣನಿಗೆ ಕೊನೆಯ ಎರಡು ನಿಮಿಷ ಸಿಕ್ಕರೆ ಹೆಚ್ಚು. ಆದರೆ ಅಧ್ಯಾಯದ ಮೊದಲ ಎರಡು ವಚನ ನೋಡಿ. ಯೇಸು ಸುಂಕದವರ, ಪಾಪಿಗಳ ಜೊತೆ ಊಟ ಮಾಡುತ್ತಾನೆಂದು ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಫರಿಸಾಯರೂ ಅದನ್ನು ಬೋಧಿಸುತ್ತಿದ್ದ ಶಾಸ್ತ್ರಿಗಳೂ ಗೊಣಗುತ್ತಿದ್ದಾರೆ. ಆ ಗೊಣಗಾಟಕ್ಕೆ ಉತ್ತರವಾಗಿ ಮೂರು ಸಾಮ್ಯಗಳು ಬರುತ್ತವೆ: ನೂರರಲ್ಲಿ ಒಂದು ಕುರಿ, ಹತ್ತರಲ್ಲಿ ಒಂದು ನಾಣ್ಯ, ಇಬ್ಬರಲ್ಲಿ ಒಬ್ಬ ಮಗ. ಹಾಗಾದರೆ ಗೊಣಗಿದವರು ಕಥೆಯಲ್ಲಿ ಎಲ್ಲಿದ್ದಾರೆ? ಅಂಗಳದಲ್ಲಿ ನಿಂತಿರುವ ಅಣ್ಣನಲ್ಲಿ. 24ಕ್ಕೆ ನಿಲ್ಲಿಸಿದರೆ ಯೇಸು ಯಾರಿಗೆ ಉತ್ತರ ಕೊಟ್ಟನೋ ಅವರನ್ನೇ ಬಿಟ್ಟಂತಾಯಿತು.

ವಾರದ ಕೆಲಸ ಸೋಮವಾರ ಶುರುವಾಗಲಿ. ವ್ಯಾಖ್ಯಾನ ಪುಸ್ತಕ ತೆರೆಯುವ ಮೊದಲು ಇಡೀ ಅಧ್ಯಾಯವನ್ನು ಗಟ್ಟಿಯಾಗಿ ಮೂರು ಸಲ ಓದಿ, ಒಂದು ಸಲವಾದರೂ ಬೇರೆ ಅನುವಾದದಲ್ಲಿ. ಎರಡು ಅನುವಾದಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಗುರುತು ಹಾಕಿ, ಅಲ್ಲೇ ಅಗೆಯಿರಿ. ಈ ಭಾಗದಲ್ಲಿ ಬಿಡಬಾರದ ಗುರುತುಗಳು ಇವು.

12ನೇ ವಚನದಲ್ಲಿ ತಂದೆ ಹಂಚಿದ್ದಕ್ಕೆ ಗ್ರೀಕ್‌ನಲ್ಲಿರುವ ಪದ ‘ಬಿಯೋಸ್’. ಅದಕ್ಕೆ ಜೀವನ, ಜೀವನಾಧಾರ ಎಂಬ ಎರಡೂ ಅರ್ಥವಿದೆ. ನಮ್ಮ ‘ಬದುಕು’ ಈ ಎರಡನ್ನೂ ಹೊರುವ ಪದವೇ, ಹಳ್ಳಿಯ ಮಾತಿನಲ್ಲಂತೂ ಖಂಡಿತ. ಬೇರೆ ಭಾಷೆಯವರು ವಿವರಿಸಬೇಕಾದದ್ದು ಕನ್ನಡದಲ್ಲಿ ಒಂದೇ ಪದದಲ್ಲಿ ಮುಗಿಯುತ್ತದೆ, ಬಳಸಿಕೊಳ್ಳಿ. ಅದೇ ವಚನದಲ್ಲಿ ತಂದೆ ‘ಅವರಿಗೆ’ ಹಂಚಿದ ಎಂದಿದೆ, ‘ಅವನಿಗೆ’ ಎಂದಲ್ಲ. ಅಂದರೆ ಅಣ್ಣನಿಗೂ ಪಾಲು ಬಂದಿದೆ. ಧರ್ಮೋಪದೇಶಕಾಂಡ 21:17ರ ಪ್ರಕಾರ ಚೊಚ್ಚಲ ಮಗನದು ಎರಡು ಪಾಲು. ಗಂಡುಮಕ್ಕಳು ಇಬ್ಬರೇ ಆದರೆ ಮೂರರಲ್ಲಿ ಎರಡು. ಹೀಗಿದ್ದೂ 29ರಲ್ಲಿ ಅವನು ಒಂದು ಆಡಿನಮರಿ ಸಿಗಲಿಲ್ಲವೆಂದು ದೂರುತ್ತಾನೆ. ಆ ದೂರಿನಲ್ಲಿ ಅವನು ತನ್ನ ದುಡಿಮೆಗೆ ಬಳಸುವ ಗ್ರೀಕ್ ಕ್ರಿಯಾಪದ ದಾಸನ ದುಡಿಮೆಯದು. ಮನೆಯ ಒಡೆಯನಾಗಬೇಕಾದವನು ಆಳಿನಂತೆ ಮಾತಾಡುತ್ತಿದ್ದಾನೆ. ಅತ್ತ ತಮ್ಮನೂ 19ರಲ್ಲಿ ಕೂಲಿಯಾಳಾಗಲು ತಯಾರಾಗಿಯೇ ಬಂದಿದ್ದ. ಇಬ್ಬರಿಗೂ ತಾವು ಮಕ್ಕಳು ಎಂಬುದೇ ಮರೆತಿದೆ. ಈ ಸಾಮ್ಯದ ಬೀಗದಕೈ ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

19ರಲ್ಲಿ ತಮ್ಮ ಯೋಚಿಸಿಕೊಂಡಿದ್ದ ಕೂಲಿಯಾಳಾಗುವ ಮಾತು, 21ರಲ್ಲಿ ಅವನು ತಂದೆಯ ಮುಂದೆ ಮಾತಾಡುವಾಗ ಬರುವುದಿಲ್ಲ. ತಂದೆ ಅದನ್ನು ಹೇಳಗೊಡಲಿಲ್ಲ ಎಂದು ಹಲವರು ಬೋಧಿಸುತ್ತಾರೆ. ಚೆನ್ನಾದ ಅಂಶವೇ. ಆದರೆ ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಆ ಮಾತು 21ರಲ್ಲೂ ಇದೆ, ಹಾಗಾಗಿ ಅದರ ಮೇಲೆ ಇಡೀ ಪ್ರಸಂಗದ ಭಾರ ಹಾಕಬೇಡಿ. ಗಟ್ಟಿ ನೆಲ ಬೇಕಾದರೆ 20 ಮತ್ತು 28ನ್ನು ಪಕ್ಕಪಕ್ಕ ಇಡಿ: ತಂದೆ ಇಬ್ಬರಿಗಾಗಿಯೂ ಮನೆಯಿಂದ ಹೊರಗೆ ಬರುತ್ತಾನೆ. 30ರಲ್ಲಿ ಅಣ್ಣ ‘ಈ ನಿನ್ನ ಮಗ’ ಅನ್ನುತ್ತಾನೆ. 32ರಲ್ಲಿ ತಂದೆ ಅದನ್ನು ‘ಈ ನಿನ್ನ ತಮ್ಮ’ ಎಂದು ತಿದ್ದುತ್ತಾನೆ.

ಬುಧವಾರದೊಳಗೆ ಮುಖ್ಯ ವಾಕ್ಯ ಕೈಗೆ ಬರಬೇಕು. ‘ದೇವರ ಪ್ರೀತಿ’ ಎಂಬುದು ವಾಕ್ಯವಲ್ಲ, ಬರೀ ತಲೆಬರಹ. ಅದರಡಿ ಏನನ್ನಾದರೂ ತುಂಬಬಹುದು, ಆದ್ದರಿಂದ ಪ್ರಸಂಗ ಚದುರುತ್ತದೆ. ಹೀಗೆ ಬರೆಯಿರಿ: ‘ತಮ್ಮನಿಗಾಗಿ ಓಡಿದ ತಂದೆ, ಒಳಗೆ ಬರಲೊಲ್ಲದ ಅಣ್ಣನನ್ನೂ ಹೊರಗೆ ಬಂದು ಬೇಡಿಕೊಳ್ಳುತ್ತಾನೆ.’ ಇದಕ್ಕೆ ಸೇರದ್ದು ಎಷ್ಟೇ ಚೆಂದವಿದ್ದರೂ ತೆಗೆದಿಡಿ. 22ರಲ್ಲಿ ತಂದೆ ತಮ್ಮನಿಗೆ ತೊಡಿಸುವ ಉಂಗುರ, ನಿಲುವಂಗಿ, ಜೋಡು ಒಂದೊಂದಕ್ಕೂ ಗುಪ್ತ ಅರ್ಥ ಕಟ್ಟುವುದು ಇಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಅವು ಮೂರೂ ಸೇರಿ ಒಂದೇ ಮಾತು ಹೇಳುತ್ತವೆ: ಇವನು ಆಳಲ್ಲ, ಮಗ.

25 ನಿಮಿಷದ ಪ್ರಸಂಗವಾದರೆ ಪೀಠಿಕೆಗೆ 3, ತಮ್ಮನಿಗೆ 9, ಅಣ್ಣನಿಗೆ 10, ಕೊನೆಗೆ 3 ಇಟ್ಟುಕೊಳ್ಳಿ. ತಮ್ಮನ ಕಥೆ ಸಭೆಗೆ ಗೊತ್ತು, ನೀವು ಅರ್ಧ ಹೇಳಿದರೆ ಉಳಿದರ್ಧ ಅವರೇ ತುಂಬಿಕೊಳ್ಳುತ್ತಾರೆ. ಇಂಗ್ಲಿಷ್ ಪುಸ್ತಕಗಳ ನಿಮಿಷಕ್ಕೆ 120-150 ಪದದ ಲೆಕ್ಕ ಕನ್ನಡಕ್ಕೆ ಹೊಂದದು. ‘ಹೊರಟುಹೋಗಿದ್ದವನಿಗೆ’ ಎಂಬ ಒಂದೇ ಪದಕ್ಕೆ ಅಲ್ಲಿ ನಾಲ್ಕೈದು ಪದ ಬೇಕು. ನಿಮ್ಮ ಬರಹದ ಒಂದು ಪುಟವನ್ನು ಗಟ್ಟಿಯಾಗಿ ಓದಿ, ಮೊಬೈಲಿನಲ್ಲಿ ಸಮಯ ನೋಡಿ, ಅದರಿಂದ ಲೆಕ್ಕ ಹಾಕಿ. ಭಾಷಾಂತರಕಾರರು ಪಕ್ಕದಲ್ಲಿದ್ದರೆ ಸಾಮಗ್ರಿಯನ್ನು ಅರ್ಧಕ್ಕೆ ಇಳಿಸಿ, ಪ್ರತಿ ವಾಕ್ಯವನ್ನು ಕ್ರಿಯಾಪದದವರೆಗೆ ಪೂರ್ತಿ ಹೇಳಿಯೇ ನಿಲ್ಲಿಸಿ. ‘ತಂದೆ ಆ ಮಗನನ್ನು...’ ಎಂದು ನಿಂತರೆ ಅವರು ಏನೆಂದು ಭಾಷಾಂತರಿಸಬೇಕು?

ವಾಕ್ಯದ ಕೊನೆಗೆ ದನಿ ಇಳಿಯುವುದು ಕನ್ನಡದಲ್ಲಿ ದೊಡ್ಡ ಅಪಾಯ, ಏಕೆಂದರೆ ನಮ್ಮಲ್ಲಿ ನಿಷೇಧ ಕೊನೆಯಲ್ಲೇ ಬರುತ್ತದೆ. ‘ತಂದೆ ಅವನನ್ನು ಆಳಾಗಿ ಸೇರಿಸಿಕೊಳ್ಳಲಿಲ್ಲ’ ಎಂಬುದರ ‘ಲಿಲ್ಲ’ ನುಂಗಿಹೋದರೆ ಹಿಂದಿನ ಬೆಂಚಿನ ಅಜ್ಜಿಗೆ ಮಾತಿನ ತಿರುಳೇ ತಪ್ಪುತ್ತದೆ. ಶನಿವಾರ ಹೊಸದೇನನ್ನೂ ಬರೆಯದೆ ಪ್ರಸಂಗವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ವಾಕ್ಯಗಳ ಕೊನೆಗಳನ್ನಷ್ಟೇ ಕೇಳಿ ತಿದ್ದಿಕೊಳ್ಳಿ. ಗ್ರಂಥದ ಭಾಷೆ ವಚನ ಓದುವಾಗ ಇರಲಿ. ವಿವರಿಸುವಾಗ ಸಭೆ ಮನೆಯಲ್ಲಿ ಆಡುವ ಮಾತಿಗೆ ಇಳಿಯಿರಿ.

ಅಪ್ಪ ಬದುಕಿರುವಾಗಲೇ ಪಾಲು ಕೇಳುವುದೆಂದರೇನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಸಭೆಯಲ್ಲಿ ಯಾವುದಾದರೂ ಮನೆಯ ಪಾಲಿನ ವ್ಯಾಜ್ಯ ಕೋರ್ಟಿನಲ್ಲಿದ್ದರೆ ಆ ಉದಾಹರಣೆಯನ್ನು ಬೆಳೆಸಬೇಡಿ. ಅವರು ಕರ್ತನ ಮಾತು ಕೇಳಲು ಬಂದವರು, ಪೀಠದಿಂದ ಬೊಟ್ಟು ಮಾಡಿಸಿಕೊಳ್ಳಲು ಬಂದವರಲ್ಲ.

ಕೊನೆಯ 3 ನಿಮಿಷದಲ್ಲಿ ಅಣ್ಣನ ಉತ್ತರವನ್ನು ನೀವು ಕೊಡಬೇಡಿ. ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಲೂಕನೂ ಬರೆದಿಲ್ಲ. 32ನೇ ವಚನವನ್ನು ನಿಧಾನವಾಗಿ ಇನ್ನೊಮ್ಮೆ ಓದಿ, ನಿಲ್ಲಿಸಿ, ಅರ್ಧ ನಿಮಿಷ ಮೌನವಿರಲಿ. ಕೀಬೋರ್ಡ್ ನುಡಿಸುವವರಿಗೆ ಈ ಮೌನದ ವಿಷಯ ಶನಿವಾರವೇ ತಿಳಿಸಿ. ಪ್ರಕಟಣೆಗಳನ್ನು ಪ್ರಸಂಗಕ್ಕೆ ಮೊದಲೇ ಮುಗಿಸಲು ಕಾರ್ಯದರ್ಶಿಯವರನ್ನು ಕೇಳಿಕೊಳ್ಳಿ.