ಮೊಸರನ್ನ ತಿನ್ನುವ ನಾಯಿಯೂ ಅಳಿಲನ್ನು ಏಕೆ ಹಿಡಿಯುತ್ತದೆ?

ಮನೆಯ ನಾಯಿ ಹಿತ್ತಿಲಲ್ಲಿ ಅಳಿಲನ್ನೋ ಗೊರವಂಕದ ಮರಿಯನ್ನೋ ಹಿಡಿದು ಕೊಂದ ದಿನ ಆ ಮನೆಯಲ್ಲಿ ಕೇಳಿಬರುವ ಮಾತುಗಳು ಬಹುಮಟ್ಟಿಗೆ ಒಂದೇ ಬಗೆಯವು. ‘ಎರಡು ಹೊತ್ತೂ ಮೊಸರನ್ನ ಹಾಕ್ತೀವಿ, ಇದಕ್ಕೆ ಏನು ಕಡಿಮೆ ಮಾಡಿದ್ವಿ?’ ಎಂದು ಮನೆಯವರು ಮರುಗುತ್ತಾರೆ. ‘ರಕ್ತದ ರುಚಿ ಹತ್ತಿತು, ಇನ್ನು ಮಕ್ಕಳ ಹತ್ತಿರ ಬಿಡಬೇಡಿ’ ಎಂದು ಪಕ್ಕದ ಮನೆಯವರು ಎಚ್ಚರಿಸುತ್ತಾರೆ. ಮನೆಗೆ ದೋಷ ತಗಲಿತೆಂದು ಶಾಂತಿ ಮಾಡಿಸುವವರೂ, ಅಷ್ಟು ದಿನ ಸಾಕಿದ ನಾಯಿಯನ್ನು ಊರಾಚೆ ಬಿಟ್ಟು ಬರುವವರೂ ಇದ್ದಾರೆ. ಈ ಕೊನೆಯ ಕೆಲಸ ನನಗೆ ಸಹಿಸಲಾಗದ್ದು; ಏಕೆಂದರೆ ನಾಯಿ ಹಸಿವಿಗಾಗಿ ಬೇಟೆಯಾಡಿತು, ಸಿಟ್ಟಿನಿಂದ ಬೇಟೆಯಾಡಿತು, ಅಥವಾ ಸಾಕಿದವರ ತಪ್ಪಿನಿಂದ ಹಾಗಾಯಿತು ಎಂಬ ಮೂರು ತಪ್ಪು ಕಲ್ಪನೆಗಳ ಭಾರವನ್ನೆಲ್ಲ ಆ ಮೂಕ ಪ್ರಾಣಿ ಹೊರಬೇಕಾಗುತ್ತದೆ.

ಸಿಟ್ಟಿನ ವಿಚಾರವನ್ನು ಮೊದಲು ನೋಡೋಣ. ಜಗಳಕ್ಕೆ ನಿಂತ ನಾಯಿ ಗುರುಗುಟ್ಟುತ್ತದೆ, ಹಲ್ಲು ಕಿರಿಯುತ್ತದೆ, ಬೆನ್ನಿನ ಕೂದಲನ್ನು ನಿಮಿರಿಸುತ್ತದೆ. ಎದುರಾಳಿಯನ್ನು ದೂರ ಅಟ್ಟುವುದೇ ಅದರ ಉದ್ದೇಶ. ಅಳಿಲನ್ನು ಕಂಡ ನಾಯಿಯಲ್ಲಿ ಇದಾವುದೂ ಕಾಣುವುದಿಲ್ಲ. ಕಿವಿಗಳು ಮುಂದಕ್ಕೆ ಬರುತ್ತವೆ, ತೆರೆದಿದ್ದ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಮುಂಗಾಲು ನೆಲದಿಂದ ಮೇಲೆದ್ದು ಹಾಗೆಯೇ ನಿಲ್ಲುತ್ತದೆ, ಸದ್ದೆಂಬುದೇ ಇರುವುದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವಾಸ್ಮನ್ ಮತ್ತು ಫ್ಲಿನ್ ಎಂಬ ಸಂಶೋಧಕರು ಬೆಕ್ಕುಗಳ ಮೇಲೆ ನಡೆಸಿ 1962ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಈ ಎರಡು ವರ್ತನೆಗಳ ಮೂಲವೇ ಬೇರೆ ಬೇರೆ ಎಂಬುದು ಕಂಡುಬಂದಿತ್ತು. ಮಿದುಳಿನ ಹೈಪೋಥಲಾಮಸ್‌ನ ಪಾರ್ಶ್ವಭಾಗವನ್ನು ವಿದ್ಯುತ್ತಿನಿಂದ ಪ್ರಚೋದಿಸಿದಾಗ ಬೆಕ್ಕು ಸದ್ದಿಲ್ಲದೆ ಹೋಗಿ ಇಲಿಯನ್ನು ಕಚ್ಚಿತು. ಮಧ್ಯಭಾಗದ ಕಡೆಗೆ ಪ್ರಚೋದಿಸಿದಾಗ ಬುಸುಗುಟ್ಟುತ್ತಾ ಮೈಕೂದಲು ನಿಮಿರಿಸಿ ಎರಗಿತು. 2017ರಲ್ಲಿ ಅದೇ ವಿಶ್ವವಿದ್ಯಾಲಯದ ಮತ್ತೊಂದು ತಂಡವು ಇಲಿಗಳ ಮಿದುಳಿನ ಅಮಿಗ್ಡಲ ಎಂಬ ಭಾಗದ ಕೆಲವು ನರಕೋಶಗಳನ್ನು ಲೇಸರ್ ಬೆಳಕಿನಿಂದ ಎಚ್ಚರಿಸಿತು. ಬೆಳಕು ಹೊತ್ತಿದೊಡನೆ ಆ ಇಲಿಗಳು ಜೀವಂತ ಕೀಟಗಳ ಮೇಲಷ್ಟೇ ಅಲ್ಲದೆ ಕಡ್ಡಿ, ಬಾಟಲಿಯ ಮುಚ್ಚಳಗಳ ಮೇಲೂ ಎರಗಿದವು. ಆದರೆ ಜೊತೆಯಲ್ಲಿದ್ದ ಇನ್ನೊಂದು ಇಲಿಯ ತಂಟೆಗೆ ಹೋಗಲಿಲ್ಲ.

ಆ ಪ್ರಯೋಗದ ಇನ್ನೊಂದು ಫಲಿತಾಂಶ ನನಗೆ ಇನ್ನೂ ಹೆಚ್ಚು ಸೋಜಿಗದ್ದು. ದವಡೆ ಮತ್ತು ಕುತ್ತಿಗೆಯ ಸ್ನಾಯುಗಳನ್ನು ನಡೆಸುವ ನರಮಾರ್ಗಕ್ಕೆ ಅಡ್ಡಿಮಾಡಿದಾಗ ಇಲಿ ಬೇಟೆಯನ್ನು ಮಾಮೂಲಿನಂತೆ ಅಟ್ಟಿಸಿಕೊಂಡು ಹೋಯಿತು, ಆದರೆ ಕೊಲ್ಲುವ ಕಚ್ಚುವಿಕೆ ಅದರಿಂದ ಆಗಲಿಲ್ಲ. ಅಟ್ಟುವುದಕ್ಕೆ ಒಂದು ಮಾರ್ಗ, ಕೊಲ್ಲುವುದಕ್ಕೆ ಮತ್ತೊಂದು. ಬೇಟೆ ಎಂಬುದು ಒಂದೇ ಇಡಿಯಾದ ಪ್ರವೃತ್ತಿಯಲ್ಲ, ಬಿಡಿಬಿಡಿ ಚಲನೆಗಳ ಜೋಡಣೆ ಎಂಬ ಈ ತಿಳಿವು ನಾಯಿಗಳ ವಿಷಯದಲ್ಲಿ ಬಹಳಷ್ಟನ್ನು ಬಿಡಿಸಿ ಹೇಳುತ್ತದೆ.

ನಾಯಿಯ ಪೂರ್ವಜನಾದ ತೋಳದಲ್ಲಿ ಈ ಚಲನೆಗಳು ಒಂದು ಕ್ರಮದಲ್ಲಿ ಬರುತ್ತವೆ: ಗುರುತಿಸುವುದು, ದಿಟ್ಟಿಸುವುದು, ಹೊಂಚುತ್ತ ಸಮೀಪಿಸುವುದು, ಅಟ್ಟುವುದು, ಹಿಡಿಯುವುದು, ಕಚ್ಚಿ ಕೊಲ್ಲುವುದು, ಸೀಳುವುದು, ತಿನ್ನುವುದು. ಮಗ್ಗಿಯನ್ನು ಬಾಯಿಪಾಠ ಮಾಡಿದ ಮಗುವಿಗೆ ಒಂದು ಸಾಲು ಮುಗಿಯುತ್ತಿದ್ದಂತೆ ಮುಂದಿನ ಸಾಲು ನಾಲಿಗೆಗೆ ಬರುವ ಹಾಗೆ, ತೋಳದಲ್ಲಿ ಒಂದು ಚಲನೆ ಮುಂದಿನದನ್ನು ಎಳೆದು ತರುತ್ತದೆ. ನಾಯಿಗಳ ವರ್ತನೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಅಮೆರಿಕದ ಜೀವವಿಜ್ಞಾನಿ ರೇಮಂಡ್ ಕಾಪಿಂಜರ್ ತೋರಿಸಿಕೊಟ್ಟಂತೆ, ಮನುಷ್ಯ ತನ್ನ ಅಗತ್ಯಕ್ಕೆ ತಕ್ಕ ನಾಯಿಗಳನ್ನು ಆರಿಸಿ ತಳಿ ಮಾಡುತ್ತ ಬಂದಾಗ ಈ ಸಾಲಿನ ಕೆಲವು ಭಾಗಗಳು ಅತಿಯಾಗಿ ಬೆಳೆದವು, ಕೆಲವು ಕುಂದಿದವು. ಬಾರ್ಡರ್ ಕೋಲಿ ಕುರಿಗಳನ್ನು ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಕೊಲ್ಲುವುದಿಲ್ಲ. ಪಾಯಿಂಟರ್ ದಿಟ್ಟಿಸುವ ಹಂತದಲ್ಲಿಯೇ ಕಲ್ಲಿನಂತೆ ನಿಂತುಬಿಡುತ್ತದೆ. ಲ್ಯಾಬ್ರಡಾರ್ ಹಿಡಿದದ್ದನ್ನು ಹಲ್ಲೂರದೆ ಮೆಲ್ಲಗೆ ತಂದೊಪ್ಪಿಸುತ್ತದೆ. ಟೆರಿಯರ್ ಹೆಗ್ಗಣವನ್ನು ಹಿಡಿದ ಮರುಕ್ಷಣವೇ ತಲೆಯನ್ನು ಎಡಕ್ಕೂ ಬಲಕ್ಕೂ ಝಾಡಿಸುತ್ತದೆ. ಇಟಲಿಯ ಮರೆಮ್ಮಾದಂತಹ ಕುರಿಕಾವಲಿನ ನಾಯಿಗಳಲ್ಲಿ ಈ ಸಾಲು ಬಹುಮಟ್ಟಿಗೆ ಅಳಿಸಿಯೇ ಹೋಗಿದೆ, ಆದ್ದರಿಂದಲೇ ಅವು ಮಂದೆಯ ನಡುವೆ ನಿಶ್ಚಿಂತೆಯಿಂದ ಮಲಗುತ್ತವೆ. ಇವೆಲ್ಲ ಬರಿಯ ತರಬೇತಿಯಿಂದ ಬಂದವಲ್ಲ ಎಂಬುದನ್ನು ಡಾರ್ವಿನ್ 1859ರಷ್ಟು ಹಿಂದೆಯೇ ಬರೆದಿದ್ದಾನೆ: ಎಳೆಯ ಪಾಯಿಂಟರ್‌ಗಳನ್ನು ಮೊದಲ ಸಲ ಬಯಲಿಗೆ ಕರೆದೊಯ್ದಾಗಲೇ ಕೆಲವು ತಾವಾಗಿ ಹಾಗೆ ನಿಲ್ಲುತ್ತವೆ ಎಂಬುದನ್ನು ಅವನು ಸ್ವತಃ ಕಂಡಿದ್ದ.

ಹಸಿವಿನ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಈ ಸಾಲಿನ ಕೊನೆಯಲ್ಲಿ ಊಟವಿದ್ದರೂ ಪ್ರತಿಯೊಂದು ಚಲನೆಯೂ ತನ್ನಷ್ಟಕ್ಕೆ ತಾನೇ ಸುಖ ಕೊಡುವಂಥದ್ದು. ಹಸಿವು ಅದರ ತೀವ್ರತೆಯನ್ನು ಹೆಚ್ಚಿಸಬಹುದು, ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಅದು ಆರಿಹೋಗುವುದಿಲ್ಲ. ಚೆಂಡನ್ನು ದಣಿವಿಲ್ಲದೆ ಅಟ್ಟಿ ತರುವ ನಾಯಿಗೆ ಚೆಂಡು ತಿನ್ನುವ ಆಸೆಯೇನೂ ಇಲ್ಲ. ಒತ್ತಿದರೆ ಕೀರಲು ದನಿ ಹೊರಡಿಸುವ ಬಟ್ಟೆಯ ಗೊಂಬೆಯನ್ನು ಅದು ಕಾಲಡಿ ಅದುಮಿ, ಝಾಡಿಸಿ, ಹರಿದು, ಒಳಗಿನ ಹತ್ತಿಯನ್ನೆಲ್ಲ ಹೊರಗೆಳೆಯುವುದನ್ನು ನೋಡಿ ನಾವು ನಗುತ್ತೇವೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತೇವೆ. ಅದೇ ನಾಯಿ ಅದೇ ಚಲನೆಗಳನ್ನು ಅದೇ ಕ್ರಮದಲ್ಲಿ ಅಳಿಲಿನ ಮೇಲೆ ನಡೆಸಿದಾಗ ಅದನ್ನು ಕ್ರೂರಿ ಎನ್ನುತ್ತೇವೆ. ನಮ್ಮ ಸಂಕಟ ನಿಜವಾದದ್ದು, ಒಂದು ಜೀವ ಹೋಗಿದೆ. ಆದರೆ ನಾಯಿಯ ಗುಣ ನಿನ್ನೆಗಿಂತ ಇಂದು ಬದಲಾಗಿಲ್ಲ.

ನಮ್ಮ ನೆಲದ ಮುಧೋಳ ನಾಯಿಯ ಮಾತಿಗೆ ಬಂದರೆ, ಅದು ಈ ಸಾಲಿನ ಅಟ್ಟುವ ಹಂತಕ್ಕಾಗಿಯೇ ರೂಪುಗೊಂಡದ್ದು. ಆಳವಾದ ಎದೆ, ಹಿಂದಕ್ಕೆ ಎಳೆದುಕೊಂಡ ಹೊಟ್ಟೆ, ನೀಳ ಕಾಲುಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಕಣ್ಣಿನೊಳಗಿನ ವಿಶೇಷ ಹೊರಗಿನಿಂದ ಕಾಣುವುದಿಲ್ಲ. ಮೂತಿ ಉದ್ದವಿರುವ ನಾಯಿಗಳ ಅಕ್ಷಿಪಟಲದಲ್ಲಿ ನರಕೋಶಗಳು ಅಡ್ಡಲಾಗಿ ಒಂದು ಪಟ್ಟಿಯಂತೆ ದಟ್ಟೈಸಿರುತ್ತವೆ, ಮೊಂಡು ಮೂತಿಯ ನಾಯಿಗಳಲ್ಲಿ ಅವು ನಡುವಿನ ಒಂದು ಬಿಂದುವಿನ ಸುತ್ತ ಗುಂಪುಗೂಡಿರುತ್ತವೆ ಎಂಬುದನ್ನು ಆಸ್ಟ್ರೇಲಿಯದ ಸಂಶೋಧಕರು 2004ರಲ್ಲಿ ತೋರಿಸಿದರು. ಬಯಲಿನ ಅಂಚಿನುದ್ದಕ್ಕೂ ಎಲ್ಲಿ ಏನು ಕದಲಿದರೂ ಹಿಡಿಯಲು ಆ ಪಟ್ಟಿ ತಕ್ಕದ್ದು. ಬಾಗಲಕೋಟೆಯ ಜೋಳದ ಹೊಲದಲ್ಲಿ ಓಡುವ ಮೊಲಕ್ಕೆ ಒದಗಿದ ಕಣ್ಣು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಕ್ಕಿಗೂ ಸ್ಕೂಟರಿಗೂ ಒದಗುತ್ತದೆ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ, ಮುಂದೆ ಸೇನೆಯೂ ತರಬೇತಿಗೆ ತೆಗೆದುಕೊಂಡ ಈ ತಳಿಯ ಬಗ್ಗೆ ನಾವು ಪಡುವ ಹೆಮ್ಮೆಗೂ, ಅದೇ ತಳಿಯ ನಾಯಿ ಮನೆಯಲ್ಲಿ ಬೇಟೆಯಾಡಿದಾಗ ಪಡುವ ನಾಚಿಕೆಗೂ ಕಾರಣ ಒಂದೇ.

ಈ ಇಬ್ಬಂದಿ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ನಡುಭಾಗದ ಕಲ್ಲನ್ನು ನೋಡಿದವರಿಗೆ ಕಾಳಿ ಎಂಬ ನಾಯಿಯ ಪರಿಚಯವಿರುತ್ತದೆ. ಗಂಗರ ಅರಸ ಬೂತುಗನ ಕಡೆಯ ವೀರ ಮಣಲೇರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ಬೇಡಿ ಪಡೆದ ಆ ನಾಯಿ ದೊಡ್ಡದೊಂದು ಹಂದಿಯೊಂದಿಗೆ ಹೋರಾಡಿ ಅದರೊಡನೆಯೇ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ, ಎಂದರೆ ಪೂಜಾರಿಗೆ, ನಾಯಿ ಮಾಡಿದ ಪಾಪ ತಗಲಲಿ ಎಂದು ಬರೆಸಿದ್ದಾರೆ. ಪೂಜೆಗೂ ಅರ್ಹವಾದ ನಾಯಿ, ಪಾಪವನ್ನೂ ಹೊತ್ತ ನಾಯಿ. ಬರೆಸಿದವರು ಎರಡನ್ನೂ ಒಂದೇ ಕಲ್ಲಿನಲ್ಲಿ ಇಟ್ಟರು.

ತಳಿಯ ಹೆಸರು ಕೇಳಿದ ಮಾತ್ರಕ್ಕೆ ನಾಯಿಯ ಜಾತಕ ತಿಳಿಯಿತೆಂದು ಭಾವಿಸುವುದೂ ಸರಿಯಲ್ಲ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ನಾಯಿಗಳ ವಿವರವನ್ನು ಮಾಲೀಕರಿಂದ ಪಡೆದ ಅಧ್ಯಯನದ ಪ್ರಕಾರ ನಾಯಿಗಳ ನಡುವಣ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ಬೇಟೆಯ ಚಲನೆಗಳಂತಹ ಕೆಲವು ಗುಣಗಳಲ್ಲಿ ವಂಶದ ಪಾಲು ಎದ್ದು ಕಂಡರೂ, ಅಳಿಲನ್ನು ಕಂಡರೂ ಕಾಣದಂತಿರುವ ಮುಧೋಳವೂ, ಓಡುವುದೆಲ್ಲವನ್ನೂ ಅಟ್ಟುವ ಬೀದಿನಾಯಿಯೂ ಇರಬಲ್ಲವು.

ರಕ್ತದ ರುಚಿಯ ಮಾತು ಬಿಡಿ. ಅಳಿಲನ್ನು ಕೊಂದದ್ದರಿಂದ ನಾಯಿಗೆ ಮನುಷ್ಯರ ಮೇಲೆ ಹೊಸ ಹಗೆ ಹುಟ್ಟುವುದಿಲ್ಲ. ಹಾಗೆಂದು ಓಡಾಡುವ ಪುಟ್ಟ ಮಕ್ಕಳ ಬಳಿ ಯಾವ ನಾಯಿಯನ್ನೂ ಕಾವಲಿಲ್ಲದೆ ಬಿಡಬಾರದು, ಮೊಲವಿರುವ ಬಯಲಿನಲ್ಲಿ ಹಗ್ಗ ಬಿಚ್ಚಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲದ ಬೇಟೆ ಅಪರಾಧ. ಕೊಂದ ಮೇಲೆ ಹೊಡೆಯುವುದು ವ್ಯರ್ಥ, ಅಟ್ಟಿದ ಸುಖ ಅದಕ್ಕೆ ಆಗಲೇ ಸಂದಿರುತ್ತದೆ, ಏಟಿನಿಂದ ಅದು ಕಲಿಯುವುದು ನಮಗೆ ಹೆದರುವುದನ್ನು ಮಾತ್ರ. ಉದ್ದನೆಯ ಕೋಲಿನ ತುದಿಗೆ ಹಗ್ಗದಲ್ಲಿ ಬಟ್ಟೆ ಕಟ್ಟಿ ದಿನವೂ ಬಯಲಿನಲ್ಲಿ ಅಟ್ಟಿಸುವುದು, ಹಿಡಿದಾಗ ಝಾಡಿಸಲು ಬಿಡುವುದು ಅದಕ್ಕೆ ಬೇಕಾದುದನ್ನು ಜೀವಹಾನಿಯಿಲ್ಲದೆ ಕೊಡುತ್ತದೆ. ಕರೆದರೆ ಬರುವ ಅಭ್ಯಾಸವನ್ನು ಮಾಡಿಸುವಾಗ ಹೊತ್ತು ನೋಡಿ ಕರೆಯಬೇಕು: ಓಟ ಶುರುವಾದ ಮೇಲೆ ಹೆಸರು ಹಿಡಿದು ಕೂಗಿದರೂ ಅದು ಕಿವಿಗೊಡುವುದು ಅಪರೂಪ, ಕಿವಿ ಮುಂದಕ್ಕೆ ಬಂದು ಮುಂಗಾಲು ಮೇಲೆದ್ದ ಆ ಒಂದೆರಡು ಕ್ಷಣಗಳಲ್ಲಿ ಕರೆದರೆ ಹೆಚ್ಚಿನ ನಾಯಿಗಳು ಇನ್ನೂ ತಿರುಗಿ ನೋಡುತ್ತವೆ.