ಹಳೆ ಬಾಗಲಕೋಟೆಯ ಪೇಟೆ: ಕಟ್ಟುವುದೋ, ಕಾಯುವುದೋ?

ಹಳೆ ಬಾಗಲಕೋಟೆಯಲ್ಲಿ ಯಾರಾದರೂ ಮನೆಯ ಮುಂಭಾಗ ಕೆಡವಿ ಮಳಿಗೆಗೆಂದು ಪಾಯ ತೋಡಿಸಿದರೆ, ನೋಡಲು ಬಂದವರು ಮೊದಲು ಕೇಳುವುದು, ‘ನಿಮ್ಮದು ಎಷ್ಟು ಮೀಟರಿನೊಳಗೆ ಬರುತ್ತದೆ?’ ಎಂದು. ಬೇರೆ ಊರಿನಲ್ಲಾದರೆ ಇಂಥ ಹೊತ್ತಿನಲ್ಲಿ ಖರ್ಚು, ವಾಸ್ತು, ಗೌಂಡಿಗಳ ಕೂಲಿ ಮಾತಿಗೆ ಬರುತ್ತವೆ. ಇಲ್ಲಿ ಬರುವುದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಎಲ್ಲಿಯವರೆಗೆ ಬರುತ್ತದೆ ಎಂದು ತೋರಿಸುವ, ನೀರಾವರಿ ಎಂಜಿನಿಯರರ ಕಾಗದದಲ್ಲಿ ಇರಬೇಕಾದ ಒಂದು ಗೆರೆ ಈ ಊರಿನ ಗೃಹಿಣಿಯರ ಬಾಯಿಗೂ ಬಂದು ನಾಲ್ಕು ದಶಕಗಳಾದವು.

ಪೇಟೆಯಲ್ಲಿ ಹೊಸ ಕಟ್ಟಡ ಏಳಬೇಕೋ ಬೇಡವೋ ಎಂಬ ಚರ್ಚೆ ಈಗ ಮತ್ತೆ ಬಿಸಿಯಾಗಿದೆ. ಉಳಿದ ಅರ್ಧ ಊರನ್ನೂ ಎತ್ತಿ, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ಒಯ್ಯಬೇಕು ಎನ್ನುವವರಿದ್ದಾರೆ. ಪೇಟೆಯನ್ನು ಬಿಟ್ಟುಬಿಡಿ, ನಾವೇ ಕಟ್ಟಿಕೊಳ್ಳುತ್ತೇವೆ ಎನ್ನುವ ವ್ಯಾಪಾರಿಗಳಿದ್ದಾರೆ. ಹಳೆಯ ಕಲ್ಲಿನ ಮನೆಗಳನ್ನಾದರೂ ಉಳಿಸಿ ಎಂದು ಕೇಳುವವರೂ ಇದ್ದಾರೆ, ಅವರ ಸಂಖ್ಯೆ ಚಿಕ್ಕದು. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಈ ವಾದಗಳ ಬೇರು ತುಂಬ ಹಿಂದಕ್ಕೆ ಹೋಗುತ್ತದೆ. ಹಿಂದಿನದನ್ನು ತಿಳಿಯದೆ ವಾದಕ್ಕಿಳಿದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವುದಿಲ್ಲ.

1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. 1976ರಲ್ಲಿ, ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು. ಆಲಮಟ್ಟಿಯ ಗೋಡೆ ನಿಧಾನವಾಗಿ ಮೇಲೇರಿತು. ಅಣೆಕಟ್ಟೆ ಇರುವುದು ಕೃಷ್ಣೆಗೆ, ಬಾಗಲಕೋಟೆ ಇರುವುದು ಘಟಪ್ರಭೆಯ ದಂಡೆಯಲ್ಲಿ. ಕೃಷ್ಣೆಯ ಹಿನ್ನೀರು ಉಪನದಿಯೊಳಗೆ ಹಿಂದಕ್ಕೆ ಸರಿದು ಊರಿನ ತಗ್ಗಿನ ಓಣಿಗಳನ್ನು ಮುಟ್ಟುತ್ತದೆ ಎಂಬುದು ಲೆಕ್ಕದಿಂದ ತಿಳಿದ ಸಂಗತಿಯೇ ಹೊರತು ಕಣ್ಣಿಗೆ ಕಂಡದ್ದಲ್ಲ. ಬರುವ ನೀರು ಬರುವುದಕ್ಕೆ ಎಷ್ಟೋ ಮೊದಲೇ ಊರು ಖಾಲಿಯಾಗಬೇಕಿತ್ತು. ಅದಕ್ಕಾಗಿ 1983ರಲ್ಲಿ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯೇ ಆಯಿತು. ಒಂದು ಊರಿಗಾಗಿ ಒಂದು ಕಾಯ್ದೆ. ಜನರ ಬಾಯಲ್ಲಿ ಅದು ಬಿಟಿಡಿಎ.

ಹೊಸ ಊರಿನ ವಿನ್ಯಾಸಕ್ಕೆ ಕರೆದದ್ದು ಚಾರ್ಲ್ಸ್ ಕೊರಿಯಾ ಅವರನ್ನು. ನವಿ ಮುಂಬೈಯ ಯೋಜನೆಯಲ್ಲಿ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು, ಮುಂದೆ ರಾಷ್ಟ್ರೀಯ ನಗರೀಕರಣ ಆಯೋಗಕ್ಕೆ ಅಧ್ಯಕ್ಷರಾದವರು. ಬಿಸಿಲಿನ ನಾಡಿನಲ್ಲಿ ಮನೆಯ ಅರ್ಧ ಬದುಕು ನಡೆಯುವುದು ಆಕಾಶಕ್ಕೆ ತೆರೆದ ಜಾಗದಲ್ಲಿ, ಅದಕ್ಕೆ ಗೋಡೆಯಷ್ಟೇ ಅಂಗಳವೂ ಮುಖ್ಯ ಎಂಬುದು ಅವರ ಜೀವಮಾನದ ನಂಬಿಕೆಯಾಗಿತ್ತು. ಬೇಲಾಪುರದಲ್ಲಿ ಅವರು ರೂಪಿಸಿದ ವಸತಿಯಲ್ಲಿ ಪ್ರತಿ ಮನೆಗೂ ಸ್ವಂತ ಅಂಗಳವಿತ್ತು. ಕೈಯಲ್ಲಿ ಕಾಸಾದಂತೆ ಮನೆಯನ್ನು ಬೆಳೆಸಿಕೊಳ್ಳಲು ಎಡೆಯಿತ್ತು.

ಇದು ಬಾಗಲಕೋಟೆಯವರಿಗೆ ಹೊಸ ಪಾಠವೇನೂ ಆಗಿರಲಿಲ್ಲ. ಹಳೆ ಊರಿನ ಮನೆಗಳು ಇದನ್ನೇ ಹೇಳುತ್ತಿದ್ದವು. ಬೀದಿಗೆ ಕಟ್ಟೆ, ಒಳಗೆ ಪಡಸಾಲೆ, ತೋಳುದ್ದ ದಪ್ಪದ ಕಲ್ಲಿನ ಗೋಡೆ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ನಡುವೆ ಬೆಳಕಿಂಡಿ. ಏಪ್ರಿಲ್‌ನ ನಡುಹಗಲಲ್ಲಿ ಹೊರಗೆ ಕಾಲಿಡಲಾಗದಿದ್ದರೂ ಪಡಸಾಲೆಯಲ್ಲಿ ಫ್ಯಾನಿಲ್ಲದೆ ಮಲಗಬಹುದಿತ್ತು. ರಾತ್ರಿ ಮಾಳಿಗೆಯೇ ಮಲಗುವ ಕೋಣೆ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟಿ ಓಣಿಯ ತುದಿ ಮುಟ್ಟುವ ಹುಡುಗರ ಹಿಂದೆ ಅಜ್ಜಿಯರು ಕೂಗುತ್ತಿದ್ದರು. ಗೋಡೆಗೆ ಗೋಡೆ ಹತ್ತಿದ್ದರಿಂದಲೇ ಪಕ್ಕದ ಗೋಡೆಗೆ ಬಿಸಿಲು ತಾಗುತ್ತಿರಲಿಲ್ಲ. ಇಕ್ಕಟ್ಟು ಎಂದು ನಾವು ಕರೆಯುವುದರಲ್ಲಿ ಒಂದು ಪಾಲು ನೆರಳಿನ ಲೆಕ್ಕಾಚಾರವೇ ಆಗಿತ್ತು.

ನಾನು ಹೆಚ್ಚು ಯೋಚಿಸುವುದು ಸ್ಥಳಾಂತರದ ವರ್ಷಗಳ ಬಗ್ಗೆ. ಆ ವರ್ಷಗಳಲ್ಲಿ ಊರು ಒಂದೇ ದಿನ ಎದ್ದು ಹೋಗಲಿಲ್ಲ. ಮೀಟರಿನ ಗೆರೆಗೆ ಅನುಸಾರವಾಗಿ, ತಗ್ಗಿನವರು ಮೊದಲು, ಎತ್ತರದವರು ಆಮೇಲೆ ಎಂಬಂತೆ ಹಂತ ಹಂತವಾಗಿ ಕರಗಿತು. ಗೆರೆಗೆ ಓಣಿಯ ಹಂಗಿಲ್ಲ. ಅದು ಒಂದು ಓಣಿಯನ್ನು ಮಧ್ಯದಲ್ಲೇ ಸೀಳಿತು: ಈ ಕಡೆಯ ಮನೆಗೆ ನೋಟಿಸ್ ಬಂತು, ಎದುರು ಮನೆಗೆ ಬರಲಿಲ್ಲ. ಹೋಗುವವರು ಕಂಬ, ತೊಲೆ, ಬಾಗಿಲ ಚೌಕಟ್ಟುಗಳನ್ನು ಕಳಚಿ ಲಾರಿಗೇರಿಸಿದರು. ಕೆಲವು ಕೆತ್ತನೆಯ ಬಾಗಿಲುಗಳು ಹೊಸ ಮನೆಗೆ ಹೋದವು. ಹೆಚ್ಚಿನವು ಹಳೆ ಕಟ್ಟಿಗೆಯ ವ್ಯಾಪಾರಿಗಳ ಪಾಲಾದವು. ಬಾಗಿಲು ಕಿತ್ತ ಮನೆಯ ಎದುರಿಗೆ, ಬಾಗಿಲಿಗೆ ರಂಗೋಲಿ ಹಾಕಿದ ಮನೆ. ಎಷ್ಟೋ ವರ್ಷ ಹಾಗೆಯೇ ಇತ್ತು ಊರು.

ಐದಾರು ಕಿಲೋಮೀಟರ್ ಆಚೆ, ವಿದ್ಯಾಗಿರಿಯನ್ನು ದಾಟಿ, ನವನಗರ ಬೆಳೆಯಿತು. ಅಗಲ ರಸ್ತೆ, ಒಳಚರಂಡಿ, ಸೆಕ್ಟರ್ ಸಂಖ್ಯೆ. 1997ರಲ್ಲಿ ವಿಜಯಪುರದಿಂದ ಬೇರ್ಪಟ್ಟು ಬಾಗಲಕೋಟೆ ಜಿಲ್ಲೆಯಾದಾಗ ಜಿಲ್ಲಾ ಕಚೇರಿಗಳೂ ಅಲ್ಲಿಗೇ ನಡೆದವು. ನವನಗರದ ಒಳ್ಳೆಯದನ್ನು ಒಪ್ಪಲೇಬೇಕು. ಮಳೆಗಾಲದಲ್ಲಿ ಮಾಳಿಗೆ ಸೋರುವ ಚಿಂತೆಯಿಲ್ಲದೆ ಮಲಗಿದ ಮೊದಲ ರಾತ್ರಿಯನ್ನು ಸಂತೋಷದಿಂದ ನೆನೆಯುವ ಹಿರಿಯರನ್ನು ನಾನು ಬಲ್ಲೆ. ಆದರೆ ನಿವೇಶನ ಸಿಕ್ಕಿ, ಪರಿಹಾರದ ಹಣ ಕೈಯಲ್ಲಿ ಕರಗುವ ಮೊದಲು ಮನೆ ಎಬ್ಬಿಸುವ ಧಾವಂತದಲ್ಲಿದ್ದವರಿಗೆ ಅಂಗಳದ ಬಗ್ಗೆ ಯೋಚಿಸಲು ಯಾರೂ ಸಮಯ ಕೊಡಲಿಲ್ಲ. ಒಬ್ಬರ ನಕ್ಷೆ ಹತ್ತು ಮನೆಗೆ ಹೋಯಿತು. ಕಾಂಕ್ರೀಟ್ ಚಾವಣಿ, ಮುಂದೆ ಪೋರ್ಟಿಕೊ, ಗೋಡೆಗೆ ಬಣ್ಣ, ಅನುಕೂಲಸ್ಥರಾದರೆ ಇಳಕಲ್ ಗ್ರಾನೈಟ್. ತೆಳು ಗೋಡೆ, ನಾಲ್ಕೂ ಕಡೆ ಬಿಸಿಲು. ಕಟ್ಟೆ ಹೋಗಿ ಕಾಂಪೌಂಡು ಬಂತು. ಸಂಜೆ ಕೂರಲು ಜಾಗವಿಲ್ಲದ ಹಿರಿಯರು ಆಟೊ ಹಿಡಿದು ಹಳೆ ಊರಿನ ಕಟ್ಟೆಗೆ ಬರತೊಡಗಿದರು.

ಪೇಟೆಯೂ ಹಾಗೆಯೇ. ಮನೆಯನ್ನು ಸೆಕ್ಟರಿಗೆ ಒಯ್ಯಬಹುದು, ಪೇಟೆಯನ್ನು ಒಯ್ಯುವುದು ಹೇಗೆ? ಬಟ್ಟೆ ಅಂಗಡಿಯ ಪಕ್ಕ ಬಂಗಾರದ ಅಂಗಡಿ, ಅದರ ಪಕ್ಕ ಪಾತ್ರೆಯವರು, ಎದುರಿಗೆ ಕಿರಾಣಿ ಸಗಟು ವ್ಯಾಪಾರ: ಮದುವೆ ಸಂತೆಗೆ ಬಂದ ಹಳ್ಳಿಯ ಕುಟುಂಬ ಅರ್ಧ ದಿನದಲ್ಲಿ ಕಾಲ್ನಡಿಗೆಯಲ್ಲೇ ಎಲ್ಲವನ್ನೂ ಮುಗಿಸಿಕೊಳ್ಳುವ ಈ ಹೊಂದಾಣಿಕೆಯನ್ನು ಯಾರೂ ಕೂತು ರೂಪಿಸಿದ್ದಲ್ಲ, ತಲೆಮಾರುಗಳ ವ್ಯಾಪಾರ ರೂಪಿಸಿದ್ದು. ನವನಗರದ ವಾಣಿಜ್ಯ ಮಳಿಗೆಗಳು ತಮ್ಮದೇ ಗಿರಾಕಿಗಳನ್ನು ಗಳಿಸಿವೆ, ನಿಜ. ಆದರೂ ಜವಳಿಗೆ ಜನ ಹಳೆ ಪೇಟೆಗೇ ಇಳಿಯುತ್ತಾರೆ. ಹೋಳಿಗೂ ಅಷ್ಟೇ. ಕಿಲ್ಲಾ, ಹಳಪೇಟೆ, ಜೈನಪೇಟೆ, ಹೊಸಪೇಟೆ, ವೆಂಕಟಪೇಟೆಗಳ ಬಣ್ಣದ ಬಂಡಿಗಳು ಹಲಗೆಯ ಸದ್ದಿನೊಂದಿಗೆ ಸಾಗುವುದು ಈ ಓಣಿಗಳಲ್ಲೇ. ನವನಗರದವರು ತಮ್ಮ ಹಳೆಯ ಪೇಟೆಯ ಗುಂಪಿಗೆ ಸೇರಲು ಇಲ್ಲಿಗೇ ಬರುತ್ತಾರೆ.

2000ದಲ್ಲಿ ಸುಪ್ರೀಂ ಕೋರ್ಟ್ ಆಲಮಟ್ಟಿಯ ಎತ್ತರಕ್ಕೆ 519.6 ಮೀಟರಿನವರೆಗೆ ಒಪ್ಪಿಗೆ ಕೊಟ್ಟಿತು. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಜಲಾಶಯವನ್ನು ಲೋಕಾರ್ಪಣೆ ಮಾಡಿದರು. ನೀರು ಬಂತು, ತಗ್ಗಿನ ಓಣಿಗಳು ಹೋದವು. ಇಷ್ಟಕ್ಕೇ ನಿಂತಿದ್ದರೆ ಉಳಿದ ಪೇಟೆ ತನ್ನ ಗಾಯಕ್ಕೆ ತಾನೇ ಔಷಧಿ ಹಚ್ಚಿಕೊಂಡು ಹೊಸದಾಗಿ ಕಟ್ಟಿಕೊಳ್ಳುತ್ತಿತ್ತು.

ಆದರೆ 2010ರ ಡಿಸೆಂಬರ್ 30ರಂದು ಬಂದ ಎರಡನೇ ನ್ಯಾಯಮಂಡಳಿಯ ತೀರ್ಪು 524.256 ಮೀಟರಿಗೆ ಅವಕಾಶ ಕೊಟ್ಟಿತು. ಬಯಲುಸೀಮೆಯ ಹೊಲಗಳಿಗೆ ಅದು ದೊಡ್ಡ ಸುದ್ದಿ, ಬರಬೇಕಾದ ನೀರಿನ ಸುದ್ದಿ. ಹಳೆ ಪೇಟೆಗೆ ಅದು ಇನ್ನೂ ಹದಿನೈದು ಅಡಿ. ಮರುವರ್ಷ ಸುಪ್ರೀಂ ಕೋರ್ಟ್ ತೀರ್ಪಿನ ಅಧಿಸೂಚನೆ ಹೊರಡಿಸದಂತೆ ತಡೆದ ಮೇಲೆ ಗೆರೆ ಕಾಗದದ ಮೇಲೆ ಎದ್ದಿತು, ನೆಲಕ್ಕೆ ಇಳಿಯಲಿಲ್ಲ. ಕೆಳಗಿನ ರಾಜ್ಯಗಳ ತಕರಾರು, ಮೇಲಿನ ರಾಜ್ಯದ ಪ್ರವಾಹದ ಭಯ, ಯೋಜನಾ ವೆಚ್ಚದ ಏರಿಕೆ ಒಂದಕ್ಕೊಂದು ಹೆಣೆದುಕೊಂಡವು. 2014ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆ, ಮಾರುಕಟ್ಟೆ ಬೆಲೆಯ ಮೇಲಿನ ಸಾಂತ್ವನ ಧನವನ್ನು ಶೇ 30ರಿಂದ ಶೇ 100ಕ್ಕೆ ಏರಿಸಿತು. ಮೊದಲೇ ಹೋದವರಿಗೆ ಇದು ನುಂಗಲಾರದ ತುತ್ತು. ಉಳಿದವರಿಗೆ ಇನ್ನಷ್ಟು ಕಾಯಲು ಕಾರಣ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆಯ ಮೂರನೇ ಹಂತದ, ಅಂದರೆ ಈ ಹೊಸ ಎತ್ತರದ, ಮುಳುಗಡೆ ಜಮೀನಿಗೆ ದರ ನಿಗದಿ ಮಾಡಿತು: ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ರೂಪಾಯಿ. ಹೊಲಕ್ಕೆ ಒಂದು ದರವಾದರೂ ಸಿಕ್ಕಿತು. ಪೇಟೆಯ ಕಟ್ಟಡದ ಪ್ರಶ್ನೆಗೆ ಎಕರೆಯ ಲೆಕ್ಕ ಹೊಂದುವುದಿಲ್ಲ.

ಈ ಕಾಯುವಿಕೆ ತನ್ನದೇ ವಾಸ್ತುಶಿಲ್ಪವನ್ನು ಹುಟ್ಟಿಸಿದೆ. ಪೇಟೆಯಲ್ಲಿ ಒಮ್ಮೆ ತಲೆಯೆತ್ತಿ ನಡೆದು ನೋಡಿ. ಕಲ್ಲಿನ ಗೋಡೆಯ ಮೇಲೆ ತಗಡಿನ ಚಾವಣಿ, ಏಕೆಂದರೆ ತಗಡಿನ ಬೋಲ್ಟು ಬಿಚ್ಚಿ ಒಯ್ಯಬಹುದು, ಕಾಂಕ್ರೀಟನ್ನು ಒಯ್ಯಲಾಗದು. ಮುಂದೆ ಗಾಜಿನ ಮಳಿಗೆ, ಹಿಂದೆ ಜಂತಿ ಬಾಗಿದ ಪಡಸಾಲೆ. ಅರ್ಧ ಕುಸಿದ ಮಾಳಿಗೆಗೆ ಹೊದಿಸಿದ ತಾಡಪಾಲು. ಸಾಲ ಕೇಳಲು ಹೋದರೆ ಆಸ್ತಿಯ ದಾಖಲೆಯಾದ ಸಿಟಿ ಸರ್ವೆ ಉತಾರ ನೋಡಿದ ಬ್ಯಾಂಕಿನವರು ಮುಳುಗಡೆಯ ಮಾತೆತ್ತುತ್ತಾರೆ. ಮಗಳ ಮದುವೆಗೆಂದು ಮನೆ ಮಾರಲು ಹೊರಟವರಿಗೆ ಕೊಳ್ಳುವವರಿಲ್ಲ. ಇದ್ದುದರಲ್ಲೇ ಗಟ್ಟಿಗರು ಪರಿಹಾರ ಹೆಚ್ಚಲೆಂದು ಒಂದೆರಡು ಕೋಣೆ ಎಬ್ಬಿಸುತ್ತಾರೆ ಎಂಬ ದೂರೂ ಇದೆ; ಆದರೆ ಸೋರುವ ಮನೆಯಲ್ಲಿ ಹದಿನೈದು ಮಳೆಗಾಲ ಕಳೆದವರನ್ನು ಆ ದೂರಿನಲ್ಲಿ ಸೇರಿಸುವುದು ಅನ್ಯಾಯ.

ಪೂರ್ತಿ ಸ್ಥಳಾಂತರವೇ ಪರಿಹಾರ ಎನ್ನುವವರ ವಾದ ನನಗೆ ಅರ್ಥವಾಗುತ್ತದೆ. 2011ರ ಜನಗಣತಿಯಂತೆ 1,11,933 ಜನರಿದ್ದ ನಗರ ಹಳೆ ಪಟ್ಟಣ, ವಿದ್ಯಾಗಿರಿ, ನವನಗರ ಎಂದು ಮೂರು ತುಂಡಾಗಿ ಹರಡಿಕೊಂಡಿದೆ, ಮೂರಕ್ಕೂ ಬೇರೆ ಬೇರೆ ಚರಂಡಿ, ಬೀದಿದೀಪ, ಬಸ್ಸು ಬೇಕು. ಅದು ಖಂಡಿತ ಹೊರೆ. ಆದರೆ ಪೇಟೆಯ ಎಲ್ಲ ಭಾಗವೂ ಒಂದೇ ಮಟ್ಟದಲ್ಲಿಲ್ಲ. ನೀರು ಬರುವ ಓಣಿಗೂ ಬಾರದ ಓಣಿಗೂ ಒಂದೇ ಅನಿಶ್ಚಯ ಹೊದಿಸಿರುವುದು ಎತ್ತರದ ಓಣಿಗಳನ್ನು ನೀರಿಲ್ಲದೆಯೇ ಮುಳುಗಿಸುತ್ತಿದೆ. ಯಾವ ಮನೆ ಗೆರೆಯ ಕೆಳಗೆ, ಯಾವುದು ಮೇಲೆ ಎಂಬುದನ್ನು ಬಾಗಿಲಿಗೆ ಬಾಗಿಲು ಲೆಕ್ಕ ಹಾಕಿ ಬರೆದುಕೊಟ್ಟರೆ, ಮೇಲಿನವರು ನಾಳೆಯೇ ಪಾಯ ತೋಡುತ್ತಾರೆ.

ಉಳಿಸಬೇಕೆನ್ನುವವರ ಬೇಡಿಕೆ ಇನ್ನೂ ಚಿಕ್ಕದು. ಮನೆ ಹೋಗುವುದೇ ಆದರೆ ಹೋಗುವ ಮುನ್ನ ಅದರ ನಕ್ಷೆ ಬರೆದಿಡಿ ಎನ್ನುತ್ತಾರೆ. ಭೂಸ್ವಾಧೀನದ ಕಡತಗಳಲ್ಲಿ ಪ್ರತಿ ಮನೆಯ ಬೆಲೆ ಕಟ್ಟಿದ ಹಾಳೆಗಳಿವೆ: ಗೋಡೆ ಎಷ್ಟು ದಪ್ಪ, ಕಟ್ಟಿಗೆ ಎಷ್ಟು, ಎಷ್ಟು ವರ್ಷ ಹಳೆಯದು, ಹಳತಾದ ಲೆಕ್ಕಕ್ಕೆ ಎಷ್ಟು ಕಡಿತ. ಅಂಗಳಕ್ಕೆ ಅದರಲ್ಲಿ ಬೆಲೆಯಿಲ್ಲ, ಕಟ್ಟೆಗೂ ಇಲ್ಲ. ಆದರೂ ನೀರಿನಡಿಯ ಓಣಿಗಳ ಮನೆಗಳ ಬಗ್ಗೆ, ಮನೆಗೊಂದರಂತೆ, ಬರೆದಿಟ್ಟ ದಾಖಲೆ ಎಂದರೆ ಆ ಹಾಳೆಗಳೇ. ಅವುಗಳ ಗಂಟು ಬಿಚ್ಚಿ, ಓಣಿಯ ಹೆಸರಿನ ಪ್ರಕಾರ ಜೋಡಿಸಿ, ಇನ್ನೂ ಬದುಕಿರುವ ಹಿರಿಯರ ಮುಂದೆ ಹರಡಿದರೆ ಉಳಿದದ್ದನ್ನು ಅವರು ಹೇಳುತ್ತಾರೆ: ಬೆಳಕಿಂಡಿ ಎಲ್ಲಿತ್ತು, ಕಾಳು ತುಂಬಿಡುವ ಹಗೇವು ಎಲ್ಲಿತ್ತು, ಹೋಳಿಯ ಬಂಡಿ ತಿರುಗುವಾಗ ಯಾರ ಕಟ್ಟೆಗೆ ತಾಗುತ್ತಿತ್ತು.