ಮುಂದಿರುವುದನ್ನು ಹಿಡಿಯಲು ವೇಗ ತಗ್ಗಿಸಬೇಕು

ಶೈಕ್ಷಣಿಕ ಆಟಗಳೆಂಬ ಹೆಸರಿನಲ್ಲಿ ಮಕ್ಕಳ ಕೈಗೆ ಬರುತ್ತಿರುವ ಬಹುಪಾಲು ಸರಕು ಬಣ್ಣ ಬಳಿದ ಪ್ರಶ್ನೆಪತ್ರಿಕೆಯಷ್ಟೇ. ಸರಿಯುತ್ತರಕ್ಕೆ ನಾಣ್ಯ ಉದುರುತ್ತದೆ, ತಪ್ಪಿದರೆ ಗೊಂಬೆ ಅಳುತ್ತದೆ. ಆ ನಾಣ್ಯಕ್ಕೂ ಮಗ್ಗಿಗೂ ಯಾವ ನಂಟೂ ಇರುವುದಿಲ್ಲ. ಕಲಿಯಬೇಕಾದ ನಿಯಮವೇ ಆಟದ ನಿಯಮವೂ ಆಗಿದ್ದಾಗ ಮಾತ್ರ ವಿಡಿಯೋ ಗೇಮ್ ಏನನ್ನಾದರೂ ಕಲಿಸೀತು ಎಂದು ನಾನು ನಂಬಿದ್ದೇನೆ. ಅಂಥ ಒಂದು ಆಟ ಕರ್ಬಲ್ ಸ್ಪೇಸ್ ಪ್ರೋಗ್ರಾಂ.

ಮೆಕ್ಸಿಕೋದ ಸ್ಕ್ವಾಡ್ ಸಂಸ್ಥೆ 2011ರಲ್ಲಿ ಮೊದಲು ಹೊರತಂದ ಈ ಆಟದಲ್ಲಿ ಕರ್ಬಿನ್ ಎಂಬ ಕಲ್ಪಿತ ಗ್ರಹದ ಹಸಿರು ಜೀವಿಗಳಿಗಾಗಿ ಆಟಗಾರನೇ ರಾಕೆಟ್ ಜೋಡಿಸಿ ಹಾರಿಸಬೇಕು. ಹೊಸಬರು ಅದನ್ನು ನೇರ ಮೇಲಕ್ಕೆ ಹಾರಿಸುತ್ತಾರೆ, ಅದು ನೇರ ಕೆಳಕ್ಕೆ ಬೀಳುತ್ತದೆ. 'ಬಾಹ್ಯಾಕಾಶದಲ್ಲಿ ಗುರುತ್ವವಿಲ್ಲ' ಎಂಬ, ಪದವೀಧರರೂ ಕೈಬಿಡದ ನಂಬಿಕೆಗೆ ಅಲ್ಲಿಗೆ ತೆರೆ ಬೀಳುತ್ತದೆ. ನಮ್ಮ ಭೂಮಿಯಿಂದ 400 ಕಿ.ಮೀ. ಮೇಲೆಯೂ ಗುರುತ್ವ ನೆಲದ ಮೇಲಿರುವುದರ ಶೇ. 90ರಷ್ಟು ಉಳಿದೇ ಇರುತ್ತದೆ. ಅಲ್ಲಿ ನಿಲ್ಲಬೇಕಾದರೆ ಸೆಕೆಂಡಿಗೆ 7.7 ಕಿ.ಮೀ. ವೇಗದಲ್ಲಿ ಅಡ್ಡಡ್ಡ ಓಡುತ್ತಾ, ಬೀಳುತ್ತಲೇ ಇದ್ದು ನೆಲವನ್ನು ತಪ್ಪಿಸಿಕೊಳ್ಳುತ್ತಿರಬೇಕು.

ನಿಜವಾದ ಸೊಗಸಿರುವುದು ಎರಡು ನೌಕೆಗಳನ್ನು ಕೂಡಿಸುವ ಹಂತದಲ್ಲಿ. ರಸ್ತೆಯಲ್ಲಿ ಮುಂದಿನ ಬಸ್ಸನ್ನು ಹಿಡಿಯಲು ಆಕ್ಸಿಲರೇಟರ್ ಒತ್ತುತ್ತೇವೆ. ಕಕ್ಷೆಯಲ್ಲಿ ಹಾಗೆ ಮಾಡಿದರೆ ಶಕ್ತಿ ಹೆಚ್ಚಿದ ನೌಕೆಯ ಕಕ್ಷೆ ಎದುರು ಬದಿಯಲ್ಲಿ ಮೇಲಕ್ಕೆ ಉಬ್ಬುತ್ತದೆ, ಸುತ್ತು ದೊಡ್ಡದಾಗುತ್ತದೆ, ಒಂದು ಪ್ರದಕ್ಷಿಣೆಗೆ ಹೆಚ್ಚು ಹೊತ್ತು ಹಿಡಿದು ನೌಕೆ ಹಿಂದೆ ಬೀಳುತ್ತದೆ. ಬದಲಿಗೆ ಬ್ರೇಕ್ ಹಾಕಿದರೆ ಎದುರು ಬದಿ ತಗ್ಗಿ, ಸುತ್ತು ಕಿರಿದಾಗಿ, ನೌಕೆ ಬೇಗ ಮರಳುತ್ತದೆ. 400 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಒಂದೇ ಒಂದು ಮೀಟರ್‌ನಷ್ಟು ವೇಗ ತಗ್ಗಿಸಿದರೂ ಸಾಕು: ಕಕ್ಷೆಯ ಆಚೆ ಬದಿ ಸುಮಾರು 3.5 ಕಿ.ಮೀ. ಇಳಿಯುತ್ತದೆ, ಸುಮಾರು 92 ನಿಮಿಷಗಳ ಸುತ್ತು ಎರಡು ಸೆಕೆಂಡು ಮೊದಲೇ ಮುಗಿಯುತ್ತದೆ, ಅಷ್ಟರಲ್ಲಿ ನೌಕೆ ಸುಮಾರು 16 ಕಿ.ಮೀ. ಮುಂದೆ ಸಾಗಿರುತ್ತದೆ. ಆಟದಲ್ಲಿ ಎಂಜಿನ್ ಉರಿಯುತ್ತಿರುವಾಗಲೇ ನಕ್ಷೆಯ ಮೇಲಿನ ಗೆರೆ ಹೀಗೆ ಉಬ್ಬುವುದನ್ನೂ ಕುಗ್ಗುವುದನ್ನೂ ಕಣ್ಣಾರೆ ಕಾಣಬಹುದು. ಸಮೀಕರಣ ಓದಿದವರಿಗೂ ಅದು ಆಗಲೇ ಮೈಗೂಡುವುದು.

ಗಗನಯಾತ್ರಿಗಳೂ ಇಲ್ಲಿ ಎಡವಿದ್ದುಂಟು. 1965ರ ಜೂನ್ 3ರಂದು ಅಮೆರಿಕದ ಜೆಮಿನಿ 4 ನೌಕೆಯ ಜೇಮ್ಸ್ ಮೆಕ್‌ಡಿವಿಟ್, ಕಳಚಿಬಿದ್ದ ತಮ್ಮದೇ ರಾಕೆಟ್ ಹಂತದ ಬಳಿ ಹೋಗಲು ಅದರತ್ತಲೇ ಎಂಜಿನ್ ಉರಿಸಿದರು. ಅದು ದೂರವಾಗುತ್ತಲೇ ಹೋಗಿ, ಇಂಧನ ಕರಗಿ, ಪ್ರಯತ್ನವನ್ನೇ ಕೈಬಿಡಬೇಕಾಯಿತು. ಲೆಕ್ಕಾಚಾರವನ್ನು ಅನುಸರಿಸಿದ ಜೆಮಿನಿ 6ಎ ಅದೇ ಡಿಸೆಂಬರ್ 15ರಂದು ಜೆಮಿನಿ 7ರ ಪಕ್ಕಕ್ಕೆ ಬಂದು ನಿಂತಿತು. 2024ರ ಡಿಸೆಂಬರ್ 30ರಂದು ಇಸ್ರೋ ಹಾರಿಸಿದ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳು 2025ರ ಜನವರಿ 16ರಂದು ಕೂಡಿಕೊಂಡದ್ದೂ ಇದೇ ನಿಯಮಕ್ಕೆ ತಲೆಬಾಗಿ. ಅಂದಹಾಗೆ, ಆಟದೊಳಗೆ ಗುರುತ್ವ ತರುವ ಯೋಚನೆ ಜೆಮಿನಿಗಿಂತ ಹಳೆಯದು: 1962ರಲ್ಲಿ ಎಂಐಟಿಯ ಪಿಡಿಪಿ-1 ಕಂಪ್ಯೂಟರಿನಲ್ಲಿ ಆಡುತ್ತಿದ್ದ ಸ್ಪೇಸ್‌ವಾರ್ ಎಂಬ ಆಟದಲ್ಲಿ ತೆರೆಯ ನಡುವಿನ ನಕ್ಷತ್ರ ಎರಡೂ ನೌಕೆಗಳನ್ನು ತನ್ನತ್ತ ಸೆಳೆಯುತ್ತಿತ್ತು.

ಕರ್ಬಲ್ ಹೇಳುವುದೆಲ್ಲ ನಿಜವಲ್ಲ, ಮತ್ತು ಮೇಷ್ಟರ ಕೆಲಸ ಉಳಿಯುವುದು ಅಲ್ಲಿಯೇ. ಭೂಮಿಯ ತ್ರಿಜ್ಯದ ಹತ್ತನೇ ಒಂದು ಭಾಗದಷ್ಟೇ, ಎಂದರೆ 600 ಕಿ.ಮೀ. ತ್ರಿಜ್ಯವಿರುವ ಕರ್ಬಿನ್‌ಗೆ ಭೂಮಿಯಷ್ಟೇ ಮೇಲ್ಮೈ ಗುರುತ್ವ ಕೊಟ್ಟಿರುವುದರಿಂದ ಅದರ ಸಾಂದ್ರತೆ ಯಾವ ಬಂಡೆಗೂ ಲೋಹಕ್ಕೂ ಸಾಧ್ಯವಿಲ್ಲದಷ್ಟಾಗುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಎಂದರೆ, ಲೆಕ್ಕ ಹಗುರಾಗಲೆಂದು ಒಂದು ಹೊತ್ತಿಗೆ ಒಂದೇ ಕಾಯ ನೌಕೆಯನ್ನು ಸೆಳೆಯುವಂತೆ ಮಾಡಿರುವುದು. ಸೂರ್ಯ ಮತ್ತು ಭೂಮಿಯ ಸೆಳೆತಗಳು ಜೊತೆಗೂಡದ ಅಂಥ ಜಗತ್ತಿನಲ್ಲಿ ಲಗ್ರಾಂಜ್ ಬಿಂದುಗಳೇ, ಅಂದರೆ ಎರಡು ಕಾಯಗಳ ಸೆಳೆತ ಕೂಡಿ ನೌಕೆಯನ್ನು ಅವುಗಳ ಜೊತೆಜೊತೆಗೇ ಸುತ್ತಿಸುವ ತಾಣಗಳೇ, ಇರುವುದಿಲ್ಲ. 2024ರ ಜನವರಿಯಲ್ಲಿ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದ ಎಲ್1 ಎಂಬ ಅಂಥದೊಂದು ಬಿಂದುವಿನ ಸುತ್ತ ನೆಲೆಸಿದ ಆದಿತ್ಯ-ಎಲ್1ರಂಥ ಯಾನವನ್ನು ಮೂಲ ಆಟದಲ್ಲಿ ಯಾರೂ ನಡೆಸಲಾರರು. ಈ ಕೊರತೆಯನ್ನು ಸಹಿಸದ ಆಟಗಾರರು ಎಲ್ಲ ಕಾಯಗಳ ಸೆಳೆತವನ್ನೂ ಒಟ್ಟಿಗೆ ಲೆಕ್ಕ ಹಾಕುವ ಪ್ರಿನ್ಸಿಪಿಯಾ ಎಂಬ ಮಾರ್ಪಾಡನ್ನು ತಾವೇ ಬರೆದು ಅದಕ್ಕೆ ಸೇರಿಸಿದ್ದಾರೆ.